ವಾಲ್ವ್ ಆಂಪ್ಲಿಫೈಯರ್: ಹನ್ನೊಂದು ವರ್ಷದ ಬಳಕೆಯ ನಂತರ

ನಮ್ಮ ಮನೆಯಲ್ಲಿ ಎರಡು ಆಂಪ್ಲಿಫೈಯರ್‌ಗಳಿವೆ. ಒಂದು, ಚಾನೆಲ್ಲಿಗೆ ಎರಡರಂತೆ ನಾಲ್ಕು ಇಎಲ್84 ವಾಲ್ವ್‌ಗಳಿರುವ (ವಾಲ್ವ್ ಎಂದರೆ ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ನಿರ್ವಾತ ಕೊಳವೆ), ಹನ್ನೆರಡು ವಾಟಿನ ಪುಷ್-ಪುಲ್ ಸೆಟ್ಟು. ಇನ್ನೊಂದು ಅದರ ನಾಲ್ಕು ಪಟ್ಟು ಶಕ್ತಿಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್. ಎರಡನ್ನೂ ಹನ್ನೊಂದು ವರ್ಷಗಳಿಂದ ಬಳಸುತ್ತಿದ್ದೇನೆ. ಯಾವುದರ ನಾದ ಚೆಂದ ಎಂಬ ಜಗಳಕ್ಕೆ ಕೊನೆಯಿಲ್ಲವಾದ್ದರಿಂದ ಅದನ್ನು ಇಲ್ಲಿ ಎತ್ತುವುದಿಲ್ಲ. ವಾಲ್ವ್ ಸೆಟ್ಟು ಕೊಂಡರೆ ಪದೇ ಪದೇ ರಿಪೇರಿಗೆ ಬರುತ್ತದೆಯೇ ಎಂದು ಕೇಳುವವರಿಗಾಗಿ ಮಾತ್ರ ಇದನ್ನು ಬರೆಯುತ್ತಿದ್ದೇನೆ.

ವಾಲ್ವ್ ಸವೆಯುವ ವಸ್ತು ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಒಳಗಿನ ಹೀಟರ್ ತಂತಿಯಿಂದ ಬಿಸಿಯಾಗುವ ಕ್ಯಾಥೋಡಿನ ಮೇಲಿನ ಆಕ್ಸೈಡ್ ಲೇಪನವು ಕಾದು ಕಾದು ಎಲೆಕ್ಟ್ರಾನ್‌ಗಳನ್ನು ಹೊಮ್ಮಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಔಟ್‌ಪುಟ್ ವಾಲ್ವ್‌ಗಳು ಸಾಮಾನ್ಯವಾಗಿ 2,000ದಿಂದ 5,000 ಗಂಟೆ ಬಾಳುತ್ತವೆ, ಅಂದರೆ ದಿನಕ್ಕೆ ಎರಡು ಗಂಟೆ ಕೇಳುವವರಿಗೆ ಸುಮಾರು ಮೂರರಿಂದ ಏಳು ವರ್ಷ. ಟ್ರಾನ್ಸಿಸ್ಟರಿನಲ್ಲಿ ಹೀಗೆ ಸವೆಯುವ ಭಾಗವೇ ಇಲ್ಲ.

ಆದರೂ ನನ್ನ ಸೆಟ್ಟು ತೊಂದರೆ ಕೊಟ್ಟ ಎರಡು ಸಲವೂ ತಪ್ಪು ವಾಲ್ವಿನದಾಗಿರಲಿಲ್ಲ. ಮೊದಲ ನಾಲ್ಕು ವಾಲ್ವ್‌ಗಳು ಒಂದೂವರೆ ವರ್ಷಕ್ಕೇ ಸೋತಾಗ ನಾಲ್ಕು ಮತ್ತು ಐದನೆಯ ಪಿನ್ನುಗಳ ನಡುವೆ ಮೀಟರ್ ಇಟ್ಟು ನೋಡಿದೆ: 6.3 ವೋಲ್ಟ್ ಇರಬೇಕಾದ ಹೀಟರಿನಲ್ಲಿ 6.9 ಇತ್ತು. ಪವರ್ ಟ್ರಾನ್ಸ್‌ಫಾರ್ಮರಿನ 220 ವೋಲ್ಟಿನ ಟ್ಯಾಪಿಗೆ (ಮನೆಯ ವೋಲ್ಟೇಜಿಗೆ ತಕ್ಕಂತೆ ಆರಿಸಿಕೊಳ್ಳುವ ತುದಿ) ಸಂಪರ್ಕ ಕೊಟ್ಟಿದ್ದರು. ನಮ್ಮ ಬೀದಿಯಲ್ಲಿ ರಾತ್ರಿಯ ಹೊತ್ತು ವೋಲ್ಟೇಜು 240 ದಾಟುತ್ತದೆ. ವೈರನ್ನು 240ರ ಟ್ಯಾಪಿಗೆ ಬೆಸುಗೆ ಹಾಕಿದ ಮೇಲೆ ಮುಂದಿನ ನಾಲ್ಕು ವಾಲ್ವ್‌ಗಳು ಆರು ವರ್ಷ ಬಂದವು. ಎರಡನೆಯ ಸಲ, ಒಂದು ವಾಲ್ವಿನ ಬೂದುಬಣ್ಣದ ಪ್ಲೇಟು ನೋಡನೋಡುತ್ತಿದ್ದಂತೆ ಕೆಂಡದ ಬಣ್ಣಕ್ಕೆ ತಿರುಗಿತು. ಕೂಡಲೇ ಸ್ವಿಚ್ ಆರಿಸಿದ್ದರಿಂದ ವಾಲ್ವ್ ಉಳಿಯಿತು. ಹಿಂದಿನ ಹಂತದಿಂದ ಸಂಗೀತದ ಸಂಕೇತವನ್ನಷ್ಟೇ ದಾಟಿಸಿ ಡಿಸಿಯನ್ನು ತಡೆಯಬೇಕಾದ ಕಪ್ಲಿಂಗ್ ಕೆಪಾಸಿಟರ್ ಲೀಕಾಗಿ, ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ಗ್ರಿಡ್ಡಿಗೆ ಧನ ವೋಲ್ಟೇಜು ಸೇರಿತ್ತು. ಅಂಥ ನಾಲ್ಕು ಕೆಪಾಸಿಟರುಗಳನ್ನೂ ಬದಲಿಸಲು ನೂರು ರೂಪಾಯಿಯೂ ಖರ್ಚಾಗಲಿಲ್ಲ.

ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ಮುಚ್ಚಳವನ್ನು ಒಂಬತ್ತು ವರ್ಷ ತೆರೆಯಲೇ ಇಲ್ಲ, ಅದಕ್ಕೆ ಪೂರ್ತಿ ಅಂಕ ಕೊಡಲೇಬೇಕು. ಆಮೇಲೆ ಒಂದು ದಿನ, ಯಾವ ಸೂಚನೆಯೂ ಇಲ್ಲದೆ, ಎಡ ಚಾನೆಲ್ಲಿನ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟಾಯಿತು. ಹೀಗಾದಾಗ ಪವರ್ ಸಪ್ಲೈಯ ಡಿಸಿ ವೋಲ್ಟೇಜು ನೇರವಾಗಿ ಸ್ಪೀಕರಿಗೆ ನುಗ್ಗುತ್ತದೆ; ರಕ್ಷಣಾ ರಿಲೇ ಸಮಯಕ್ಕೆ ಸರಿಯಾಗಿ ಸಂಪರ್ಕ ಕಡಿದಿದ್ದರಿಂದ ವೂಫರಿನ ಕಾಯಿಲ್ ಸುಡಲಿಲ್ಲ. (ವಾಲ್ವ್ ಸೆಟ್ಟಿನಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಅಡ್ಡವಿರುವುದರಿಂದ ಈ ಭಯವಿಲ್ಲ.) ಆ ನಂಬರಿನ ಟ್ರಾನ್ಸಿಸ್ಟರ್ ತಯಾರಿಕೆ ನಿಂತುಹೋಗಿತ್ತು. ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಯೊಂದರಲ್ಲಿ ಅದೇ ನಂಬರು ಅಚ್ಚಾಗಿದ್ದ ಜೊತೆಯೊಂದು ಸಿಕ್ಕಿತಾದರೂ ಅದು ನಕಲಿ. ವಾರದೊಳಗೆ ಸುಟ್ಟು, ಜೊತೆಗೆ ಡ್ರೈವರ್ ಟ್ರಾನ್ಸಿಸ್ಟರುಗಳನ್ನೂ ಕರೆದುಕೊಂಡು ಹೋಯಿತು. ಕೊನೆಗೆ ಆದ ಖರ್ಚಿನಲ್ಲಿ ಹೊಸ ಇಎಲ್84ಗಳ ಒಂದು ಪೂರ್ತಿ ಸೆಟ್ ಬರುತ್ತಿತ್ತು.

ಇಎಲ್84 ಹುಟ್ಟಿದ್ದು 1950ರ ದಶಕದಲ್ಲಿ. ಅಂದಿನಿಂದ ಇಂದಿನವರೆಗೆ ಅದೇ ಒಂಬತ್ತು ಪಿನ್ನಿನ ಸಾಕೆಟ್ಟು, ಅದೇ ಜೋಡಣೆ. ಜಾಲಹಳ್ಳಿಯ ಬಿಇಎಲ್ 1961ರಲ್ಲಿ ರೇಡಿಯೋ ವಾಲ್ವ್‌ಗಳ ತಯಾರಿಕೆ ಆರಂಭಿಸಿತ್ತು. ಅಲ್ಲಿನ ಇಎಲ್84 ಹಳೆಯ ರೇಡಿಯೋ ರಿಪೇರಿ ಅಂಗಡಿಗಳಲ್ಲಿ ಸಿಕ್ಕರೆ, ಇವತ್ತಿನ ಸ್ಲೊವಾಕಿಯಾದ ವಾಲ್ವನ್ನು ಕಿತ್ತು ಆ ಜಾಗದಲ್ಲಿ ಕೂರಿಸಬಹುದು, ಬೆಸುಗೆಯೇ ಬೇಡ.

ಇಷ್ಟಾದರೂ ದಿನವಿಡೀ ಟಿವಿಯ ಜೊತೆ ಓಡುವ ಆಂಪ್ಲಿಫೈಯರ್ ಬೇಕಾದವರಿಗೆ ನಾನು ಟ್ರಾನ್ಸಿಸ್ಟರನ್ನೇ ಹೇಳುತ್ತೇನೆ. ಇಎಲ್84ಗಳ ನಾಲ್ಕು ಹೀಟರುಗಳೇ ಹಾಡು ಶುರುವಾಗುವ ಮೊದಲು 19 ವಾಟ್ ತಿನ್ನುತ್ತವೆ, ಗಾಜಿನ ಷೋಕೇಸಿನೊಳಗೆ ಅದನ್ನು ಇಡುವಂತಿಲ್ಲ, ಸ್ಪೀಕರ್ ಜೋಡಿಸದೆ ಹಾಡಿಸುವಂತೆಯೂ ಇಲ್ಲ. ಒಳಗೆ 300 ವೋಲ್ಟ್ ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ. ಸಂಜೆ ಕುಳಿತು ಸಂಗೀತ ಕೇಳುವ, ಮೀಟರ್ ಹಿಡಿಯಲು ಬರುವವರು ವಾಲ್ವ್ ಸೆಟ್ಟನ್ನು ಧೈರ್ಯವಾಗಿ ಕೊಳ್ಳಬಹುದು. ಸೆಕೆಂಡ್ ಹ್ಯಾಂಡ್ ಆದರೆ ದುಬಾರಿ ವಾಲ್ವ್ ಹುಡುಕುವ ಮುಂಚೆ ಕಪ್ಲಿಂಗ್ ಕೆಪಾಸಿಟರುಗಳನ್ನು ಬದಲಿಸಿ, ಟ್ರಾನ್ಸ್‌ಫಾರ್ಮರಿನ ಟ್ಯಾಪ್ ಯಾವುದೆಂದು ನೋಡಿಕೊಳ್ಳಿ.