ಕಾಗದವಿಲ್ಲದ ಕ್ಲಾಮ್ ಕೊಳ್ಳಬೇಡಿ: ಕಾರವಾರದಿಂದ ಒಂದು ಎಚ್ಚರಿಕೆ

ನಿನ್ನೆ ರಾತ್ರಿ ಶಿರಸಿಯ ಗೆಳೆಯನೊಬ್ಬ ಫೋಟೋ ಕಳಿಸಿ, ಇದನ್ನು ತರಿಸಬಹುದೇ ಎಂದು ಕೇಳಿದ. ಕಲ್ಲಿನ ಮೇಲೆ ಅರಳಿ ಕುಳಿತ, ನೀಲಿ ಅಂಚಿನ ಮ್ಯಾಕ್ಸಿಮಾ ಕ್ಲಾಮ್. ಮನೆಯ ಉಪ್ಪುನೀರಿನ ಟ್ಯಾಂಕಿನಲ್ಲಿ ಸಾಕುವ ಚಿಪ್ಪುಜೀವಿ ಇದು, ದೈತ್ಯ ಕ್ಲಾಮುಗಳಲ್ಲಿ ಒಂದು ಜಾತಿ. ಮೂಲೆಯಲ್ಲಿ ಅರ್ಧ ಮಾತ್ರ ಕಾಣುವ ಕೆಂಪು ಮುಚ್ಚಳದ ಬಾಟಲಿಯ ಸಮೇತ ಇದೇ ಫೋಟೋ ಮೂರು ತಿಂಗಳ ಹಿಂದೆ ನನಗೂ ಬಂದಿತ್ತು, ‘ಒಂದೇ ಪೀಸ್ ಉಳಿದಿರೋದು ಸರ್’ ಎಂಬ ಅದೇ ಸಾಲಿನೊಂದಿಗೆ. ಆ ‘ಒಂದೇ ಪೀಸ್’ 6,500 ರೂಪಾಯಿಗೆ ನನ್ನ ಮನೆಗೆ ಬಂದು, ಹನ್ನೊಂದನೆಯ ದಿನಕ್ಕೆ ಕೊಳೆತು ಹೋಗಿದೆ. ಇಷ್ಟು ದಿನ ನಾಚಿಕೆಯಿಂದ ಸುಮ್ಮನಿದ್ದೆ. ಇನ್ನು ಸುಮ್ಮನಿರುವುದು ಸರಿಯಲ್ಲ ಎನಿಸಿ ಬರೆಯುತ್ತಿದ್ದೇನೆ.

ನನ್ನದು 200 ಲೀಟರಿನ ಟ್ಯಾಂಕು, ಎರಡು ವರ್ಷ ಹಳೆಯದು. ಮಳೆಗಾಲದಲ್ಲಿ ಕಾಳಿ ನದಿಯ ನೀರು ಸೇರಿ ಇಲ್ಲಿನ ತೀರದ ಉಪ್ಪು ಇಳಿಯುವುದು ಗೊತ್ತಿರುವುದರಿಂದ, ಕಡಲು ಕೂಗಳತೆಯಲ್ಲಿದ್ದರೂ ಆರ್‌ಒ ನೀರಿಗೆ ಉಪ್ಪು ಕಲಸಿಯೇ ತುಂಬುತ್ತೇನೆ. ಸಾಂದ್ರತೆ 1.025, ಕ್ಯಾಲ್ಸಿಯಂ 430, ಕ್ಷಾರತೆ 8.5, ಉಷ್ಣತೆ 26 ಡಿಗ್ರಿ. ಈ ಅಂಕಿಗಳನ್ನೆಲ್ಲ ಹಣ ಕೊಡುವ ಮೊದಲೇ ಮಾರಾಟಗಾರನಿಗೆ ಕಳಿಸಿದ್ದೆ. ‘ಸೂಪರ್ ಸರ್, ಕಣ್ಣು ಮುಚ್ಚಿ ಇಡಿ’ ಎಂದಿದ್ದ. ನಾನು ನಿಜಕ್ಕೂ ಕಣ್ಣು ಮುಚ್ಚಿಯೇ ಇಟ್ಟೆ.

ರಾತ್ರಿ ಬೆಂಗಳೂರಿನಿಂದ ಹೊರಟ ಬಸ್ಸಿನಲ್ಲಿ, ಅರಬೈಲು ಘಟ್ಟ ಇಳಿದು ಬಂದ ಥರ್ಮೋಕೋಲ್ ಪೆಟ್ಟಿಗೆಯನ್ನು ಬೆಳಗ್ಗೆ ಆರೂವರೆಗೆ ಇಳಿಸಿಕೊಂಡೆ. ಮನೆಯಲ್ಲಿ ನೀರಿಗೆ ನೀರು ಹೊಂದಿಸಿ, ಬೆಳಕು ಒಮ್ಮೆಲೇ ಬೀಳಬಾರದೆಂದು ಕೆಳಭಾಗದಲ್ಲಿ, ಪಂಪಿನ ರಭಸ ನೇರವಾಗಿ ತಾಗದ ಕಡೆ, ಚಪ್ಪಟೆ ಕಲ್ಲಿನ ಮೇಲೆ ಇಟ್ಟೆ. ಡೆರಾಸಾ ಎಂಬ ಇನ್ನೊಂದು ಜಾತಿಯ ಕ್ಲಾಮ್ ಆಗಿದ್ದರೆ ಮರಳಿನ ಮೇಲೆ ಇಟ್ಟರೂ ನಡೆಯುತ್ತಿತ್ತು. ಮ್ಯಾಕ್ಸಿಮಾ ಬಂಡೆಗೆ ಅಂಟಿ ಬದುಕುವ ಜೀವಿ. ನಮ್ಮ ಕಡೆ ಬಂಡೆ ಕಚ್ಚಿಕೊಳ್ಳುವ, ನೀಲಿಕಲ್ಲು ಎಂಬ ಚಿಪ್ಪಿಗೆ ಇರುವಂಥದ್ದೇ ನಾರಿನ ದಾರಗಳು ಇದರ ಬುಡದಿಂದಲೂ ಹೊರಟು ಕೆಲವೇ ದಿನಗಳಲ್ಲಿ ಕಲ್ಲನ್ನು ಹಿಡಿಯುತ್ತವೆ. ನನ್ನದು ಹಿಡಿಯಲಿಲ್ಲ. ಮೂರು ದಿನ, ನಾಲ್ಕು ದಿನ, ಆರು ದಿನ ಕಾದರೂ ಹಿಡಿಯಲಿಲ್ಲ. ಬೆಳಗ್ಗೆ ನೋಡಿದರೆ ಒಂದು ಪಕ್ಕಕ್ಕೆ ಮಗುಚಿ ಬಿದ್ದಿರುತ್ತಿತ್ತು.

ಈ ಜಾತಿಯ ಕ್ಲಾಮುಗಳಿಗೆ ಮಾಂಸದ ಅಂಚಿನಲ್ಲಿ ಸಾಲಾಗಿ ಸಣ್ಣ ಸಣ್ಣ ಕಣ್ಣುಗಳಿರುತ್ತವೆ. ಕೈಯ ನೆರಳು ಬಿದ್ದರೂ ಸಾಕು, ಸರಕ್ಕನೆ ಒಳಗೆ ಸೇದಿಕೊಳ್ಳುತ್ತವೆ. ನಾನು ಗಾಜಿನ ಮೇಲಿಂದ ಎಷ್ಟು ಸಲ ಕೈ ಆಡಿಸಿದರೂ ಇದು ಕದಲಲಿಲ್ಲ. ನೀರು ಒಳಗೆಳೆಯುವ ರಂಧ್ರ ಮಾತ್ರ ದಿನದಿಂದ ದಿನಕ್ಕೆ ಅಗಲವಾಗುತ್ತ ಹೋಗಿ, ಒಳಗಿನ ಕಿವಿರು ಕಾಣತೊಡಗಿತು. ವಿಡಿಯೋ ಕಳಿಸಿದೆ. ‘ಹೊಸ ಜಾಗ ಸರ್, ಒಗ್ಗಿಕೊಳ್ತಿದೆ’ ಎಂಬ ಉತ್ತರ ಬಂತು. ಮರುದಿನ ‘ಬೆಳಕು ಸಾಲ್ತಿಲ್ಲ, ಮೇಲಿಡಿ’ ಎಂದ. ಅದರ ಮರುದಿನ ‘ಬೆಳಕು ಜಾಸ್ತಿ ಆಯ್ತು, ಕೆಳಗಿಡಿ’ ಎಂದ. ಅವನು ಹೇಳಿದಂತೆಲ್ಲ ಆ ಬಡಪಾಯಿಯನ್ನು ಮೇಲೆ ಕೆಳಗೆ ಎತ್ತಿಟ್ಟವನು ನಾನೇ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಹತ್ತನೆಯ ದಿನ ಆಯಿ ಟ್ಯಾಂಕಿನ ಮುಂದೆ ಬಂದು ನಿಂತಳು. ಅವಳ ತವರು ತದಡಿ. ಅಘನಾಶಿನಿ ನದಿಯ ಇಳಿತದಲ್ಲಿ ಬೆಳಚು, ಅಂದರೆ ತಿನ್ನುವ ಚಿಪ್ಪಿ, ಹೆಕ್ಕಿ ಬೆಳೆದವಳು. ಕನ್ನಡಕ ಸರಿಮಾಡಿಕೊಂಡು ನೋಡಿ, ‘ಮಗಾ, ಬಾಯಿ ಬಿಟ್ಟು ಮುಚ್ಚದೇ ಇದ್ದದ್ದನ್ನ ನಾವು ಸಾರಿಗೂ ಹಾಕೂದಿಲ್ಲ, ನೀನು ದುಡ್ಡು ಕೊಟ್ಟು ತಂದ್ಯಾ?’ ಎಂದಳು. ಮೀನು ಪೇಟೆಯಲ್ಲಿ ತಟ್ಟಿದರೆ ಮುಚ್ಚಿಕೊಳ್ಳದ ಬೆಳಚನ್ನು ಆಚೆ ಎಸೆಯುವುದನ್ನು ಚಿಕ್ಕಂದಿನಿಂದ ನೋಡಿದ ನಾನು, ಬಣ್ಣ ನೀಲಿ ಎಂಬ ಕಾರಣಕ್ಕೆ ಅಷ್ಟೂ ಬುದ್ಧಿಯನ್ನು ಮರೆತಿದ್ದೆ. ಮೋಸ ಹೋದೆ ಎಂದು ನನಗೆ ಖಾತ್ರಿಯಾದದ್ದು ಆ ಗಳಿಗೆಯಲ್ಲಿ.

ಮರುದಿನ ಬೆಳಗ್ಗೆ ಎದ್ದಾಗ ನೀರು ಮಬ್ಬಾಗಿ ವಾಸನೆ ಹೊಡೆಯುತ್ತಿತ್ತು. ಸತ್ತ ಕ್ಲಾಮ್ ಬಿಟ್ಟ ಅಮೋನಿಯಾಕ್ಕೆ ನನ್ನ ಎರಡು ಕ್ಲೀನರ್ ಸೀಗಡಿಗಳೂ ಬಲಿಯಾದವು. ಚಿಪ್ಪನ್ನು ಹೊರತೆಗೆದು ತಿರುಗಿಸಿ ನೋಡಿದೆ. ದಾರ ಹೊರಡುವ ಬುಡದ ಭಾಗ ಹರಿದು ಜೂಲಾಗಿತ್ತು. ಕಲ್ಲಿನಿಂದ ಬಿಡಿಸುವಾಗ ದಾರವನ್ನು ಕಲ್ಲಿನ ಮಗ್ಗುಲಲ್ಲೇ ಬ್ಲೇಡಿನಿಂದ ಕೊಯ್ಯಬೇಕು. ಇದನ್ನು ಯಾರೋ ಕೈಯಿಂದ ಕಿತ್ತಿದ್ದರು. ಹಾಗೆ ಕಿತ್ತ ಕ್ಲಾಮ್ ಎಂಥ ನೀರಿನಲ್ಲಿಟ್ಟರೂ ಬದುಕುವುದು ಕಷ್ಟ.

ಬುಡದ ಫೋಟೋ ಕಳಿಸಿದ ಮೇಲೆ ಅವನ ಧಾಟಿಯೇ ಬದಲಾಯಿತು. ಮೊದಲು, ‘ನೀವು ಬೀಚ್ ನೀರು ಹಾಕಿರ್ತೀರಾ ಸರ್, ಕಾರವಾರದವರಲ್ವಾ’ ಎಂದ. ಕಳಿಸಿದ್ದ ಅಂಕಿಗಳನ್ನು ನೆನಪಿಸಿದೆ. ‘ತಲುಪಿ ಎರಡು ಗಂಟೆ ಒಳಗೆ ಸತ್ತರೆ ಮಾತ್ರ ಹಣ ವಾಪಸ್’ ಎಂದ. ಆಗ ನಾನು, ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ: ಇದರ ಪರವಾನಗಿಯ ಕಾಗದ ಎಲ್ಲಿ? ‘ಫಾರ್ಮಿನಲ್ಲಿ ಬೆಳೆಸಿದ್ದು, ಪೇಪರ್ ಯಾರೂ ಕೇಳಲ್ಲ ಸರ್.’ ಹಾಗಿದ್ದರೆ ಪೊಲೀಸರಿಗೆ ದೂರು ಕೊಡುತ್ತೇನೆ ಎಂದೆ. ಅದಕ್ಕೆ ಬಂದ ಉತ್ತರವನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ: ‘ಕೊಡಿ ಸರ್. ತಗೊಂಡೋರ ಹೆಸರೂ ಬರುತ್ತೆ.’ ಆಮೇಲೆ ನನ್ನ ನಂಬರನ್ನು ಬ್ಲಾಕ್ ಮಾಡಿದ.

ಅವನು ಸುಮ್ಮನೆ ಹೆದರಿಸುತ್ತಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಟ್ರೈಡಾಕ್ನಾ ಮ್ಯಾಕ್ಸಿಮಾ ಮತ್ತು ಟ್ರೈಡಾಕ್ನಾ ಸ್ಕ್ವಾಮೋಸಾ ಎರಡರ ಹೆಸರೂ ಇದೆ. ಲಕ್ಷದ್ವೀಪ, ಅಂಡಮಾನ್ ಕಡಲಿನಲ್ಲಿ ಕಾಡಿನ ಹುಲಿಯಷ್ಟೇ ರಕ್ಷಣೆ ಇರುವ ಪ್ರಾಣಿ ಅದು. ಉಳಿದ ದೈತ್ಯ ಕ್ಲಾಮುಗಳೂ, ದೇಶದೇಶಗಳ ನಡುವಿನ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿರುವುದರಿಂದ, ಹೊರದೇಶದ ಫಾರ್ಮಿನಿಂದ ಬಂದದ್ದಕ್ಕೂ ಪರವಾನಗಿ ಪತ್ರ ಇರಲೇಬೇಕು. ಇದನ್ನು ಕೊಳ್ಳುವ ಮೊದಲು ಹತ್ತು ನಿಮಿಷ ಓದಿದ್ದರೆ ತಿಳಿಯುತ್ತಿತ್ತು. ಬೆಳಕಿನ ಬಗ್ಗೆ ಹತ್ತು ರಾತ್ರಿ ಓದಿದ್ದೆ, ಕಾನೂನಿನ ಬಗ್ಗೆ ಹತ್ತು ನಿಮಿಷ ಓದಲಿಲ್ಲ. ಗಿರಾಕಿ ಠಾಣೆಯ ಮೆಟ್ಟಿಲು ಹತ್ತಲಾರ ಎಂಬ ಲೆಕ್ಕದ ಮೇಲೆಯೇ ಇವರ ವ್ಯಾಪಾರ ನಿಂತಿದೆ.

ಆದ್ದರಿಂದ ಮ್ಯಾಕ್ಸಿಮಾ, ಸ್ಕ್ವಾಮೋಸಾ ಎಂದು ಯಾರಾದರೂ ಕಳಿಸಿದರೆ ಬೆಲೆಯನ್ನೂ ಕೇಳಬೇಡಿ. ಬೇರೆ ಜಾತಿಯಾದರೆ ಮೊದಲು ಪರವಾನಗಿ ಪತ್ರ, ಆಮೇಲೆ ಬುಡದ ಫೋಟೋ, ಆಮೇಲೆ ನೆರಳಿಗೆ ಮುದುಡುವ ವಿಡಿಯೋ ಕೇಳಿ. ಮೂರರಲ್ಲಿ ಒಂದಕ್ಕೆ ‘ಆಮೇಲೆ ಕಳಿಸ್ತೀನಿ ಸರ್’ ಎಂದರೂ ಬಿಟ್ಟುಬಿಡಿ.

ಶಿರಸಿಯ ಗೆಳೆಯನಿಗೆ ರಾತ್ರಿಯೇ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಸಂಜೆಯೇ 500 ರೂಪಾಯಿ ಮುಂಗಡ ಹಾಕಿಬಿಟ್ಟೆ ಮಾರಾಯ ಎಂದ.