ನಮ್ಮೂರ ನಗರಸಭೆ ಕಂದಾಯ ಕೌಂಟರ್: ಮರುಲೆಕ್ಕ ಹಾಕಿಸ್ಕೊಂಡು ಬಂದೆ, 5ಕ್ಕೆ 3 ಕೊಡ್ತೀನಿ

ಊರಿನ ಹೆಸರು ಹಾಕಲ್ಲ, ಯಾಕಂದ್ರೆ ಈ ಕಥೆ ಬಹಳ ಊರುಗಳದ್ದು. ನಮ್ದು 30x40 ಸೈಟು, ಬರೀ ಗ್ರೌಂಡ್ ಫ್ಲೋರು, ಅಪ್ಪ 1998ರಲ್ಲಿ ಕಟ್ಸಿದ್ದು, ಆಮೇಲೆ ಒಂದು ಇಟ್ಟಿಗೆನೂ ಹೊಸದಾಗಿ ಇಟ್ಟಿಲ್ಲ. ಆದ್ರೂ 3,140 ಕಟ್ತಿದ್ದ ಕಂದಾಯ, ಅಂದ್ರೆ ಮನೆಯ ಆಸ್ತಿ ತೆರಿಗೆ, 2024-25ರ ಚಲನ್‌ನಲ್ಲಿ 5,270 ಅಂತ ಬಂತು. ಪೆನ್ಷನ್ ಮೇಲೆ ಬದುಕೋ ಅಪ್ಪ ಚಲನ್ ಹಿಡ್ಕೊಂಡು ಸುಮ್ನೆ ಕೂತ್ಬಿಟ್ರು.

ಏರೋಕೆ ಕಾರಣ ಇದೆ, ಅದನ್ನ ಒಪ್ತೀನಿ. ಮೊದ್ಲು 2005-06ರ ಮಾರ್ಗಸೂಚಿ ದರ (ಆಸ್ತಿ ನೋಂದಣಿಗೆ ಸರ್ಕಾರ ಗೊತ್ತುಮಾಡೋ ಕನಿಷ್ಠ ಬೆಲೆ) ಇಟ್ಕೊಂಡು ಮೂರು ವರ್ಷಕ್ಕೊಂದ್ಸಲ ಶೇ 15 ಅಂತ ಏರಿಸ್ತಿದ್ರು, ಊರು ಎಷ್ಟೇ ಬೆಳೆದ್ರೂ ಲೆಕ್ಕ ಹಳೇದೇ. ಕೇಂದ್ರದ ದುಡ್ಡು ಹಂಚೋಕೆ ಶಿಫಾರಸು ಮಾಡೋ 15ನೇ ಹಣಕಾಸು ಆಯೋಗ ಬಂದು, ರಾಜ್ಯಗಳು ಆಸ್ತಿ ತೆರಿಗೆಗೆ ಕನಿಷ್ಠ ದರ ಗೊತ್ತುಮಾಡ್ಬೇಕು, ವಸೂಲಿನೂ ರಾಜ್ಯದ ಆರ್ಥಿಕತೆ ಬೆಳೆದಷ್ಟು ಬೆಳೀಬೇಕು, ಇಲ್ಲಾಂದ್ರೆ ನಗರಗಳಿಗೆ ಅನುದಾನ ಇಲ್ಲ ಅಂತ ಷರತ್ತು ಹಾಕ್ತು, ಅದಾದ್ಮೇಲೆ ನಮ್ಮ ರಾಜ್ಯದಲ್ಲಿ ಕಾಯ್ದೆ ತಿದ್ದಿ ಕಂದಾಯಾನ ಚಾಲ್ತಿ ಮಾರ್ಗಸೂಚಿ ದರಕ್ಕೆ ಜೋಡಿಸಿದ್ರು. 2023ರ ಅಕ್ಟೋಬರ್ 1ಕ್ಕೆ ಆ ದರಾನೇ ರಾಜ್ಯದ ತುಂಬಾ ಪರಿಷ್ಕರಣೆ ಆಯ್ತು. ಅಂದ್ರೆ ಸಬ್ ರಿಜಿಸ್ಟ್ರಾರ್ ಆಫೀಸಿನ ಪಟ್ಟಿ ಬದಲಾದ್ರೆ, ಮನೆ ಮಾರೋ ಯೋಚನೆನೇ ಇಲ್ದಿರೋರ ಕಂದಾಯಾನೂ ಬದಲಾಗುತ್ತೆ.

ಆದ್ರೆ ನಮ್ದು ಅಷ್ಟೊಂದು ಏರಿದ್ದು ಅದೊಂದರಿಂದ್ಲೇ ಅಲ್ಲ. ಅಪ್ಪನ ಹಳೇ ರಸೀದಿ ಫೈಲು, ಖಾತಾ, ಮಾರ್ಗಸೂಚಿ ದರದ ಪಟ್ಟಿಯ ಪ್ರಿಂಟು ತಗೊಂಡು ಏಪ್ರಿಲ್ ಎರಡನೇ ವಾರ ಹೋದೆ. ಕೌಂಟರ್‌ನಲ್ಲಿದ್ದ ಹುಡುಗ ಸ್ಕ್ರೀನ್ ನೋಡಿ, "ಸಾರ್, ನಿಮ್ದು ಮೇನ್ ರೋಡಲ್ವಾ?" ಅಂದ. "ಇಲ್ಲಪ್ಪ, ಎರಡನೇ ಕ್ರಾಸು" ಅಂದೆ. ಅಲ್ಲೇ ಇತ್ತು ತಪ್ಪು! ಡೇಟಾ ಎಂಟ್ರಿ ಮಾಡುವಾಗ ನಮ್ಮ ಲೈನಿನ ಮನೆಗಳಿಗೆಲ್ಲಾ ಮೇನ್ ರೋಡಿನ ಚದರಡಿ ದರ ಕೂರಿಸಿದ್ರು. ಅರ್ಜಿ ಕೊಡಿ ಅಂದ್ರು, ಕೊಟ್ಟೆ. ಮೂರು ಸಲ ಹೋದ್ರೂ ಕಂದಾಯ ನಿರೀಕ್ಷಕರು ಸೀಟಲ್ಲಿಲ್ಲ, ಯಾವಾಗ ಬರ್ತಾರೆ ಅಂತ ಹೇಳೋರೂ ಇಲ್ಲ, ಬಿಸಿಲಲ್ಲಿ ವಯಸ್ಸಾದೋರು ಮೆಟ್ಟಿಲ ಮೇಲೇ ಕೂತಿರ್ತಾರೆ, ಒಂದು ಬೆಂಚಿಲ್ಲ. ಎರಡು ಸ್ಟಾರ್ ಕಿತ್ತಿದ್ದು ಇದಕ್ಕೇ.

ಬಿಲ್ ಕಲೆಕ್ಟರ್ ಬಗ್ಗೆ ಮಾತ್ರ ಒಳ್ಳೇದೇ ಹೇಳ್ಬೇಕು. ಟೇಪ್ ಹಿಡ್ಕೊಂಡು ಮನೆಗೇ ಬಂದ್ರು, ಪೋರ್ಟಿಕೋ ಬೇರೆ, ಮನೆ ಬೇರೆ ಅಂತ ಅಳೆದು ಬರ್ಕೊಂಡ್ರು, ಕಟ್ಟಡದ ವಯಸ್ಸಿಗೆ ಸವಕಳಿ ಎಷ್ಟು ಕಳೀತಾರೆ ಅಂತ ಅಪ್ಪನಿಗೆ ಪೇಪರ್ ಮೇಲೆ ಬರೆದು ತೋರಿಸಿದ್ರು, ಒಂದು ಲೋಟ ಮಜ್ಜಿಗೆ ಬಿಟ್ರೆ ಏನೂ ತಗೊಳ್ಲಿಲ್ಲ. ತಿದ್ದಿದ ಚಲನ್ 4,020ಕ್ಕೆ ಬಂತು, 29ನೇ ತಾರೀಕು ಕಟ್ಟಿದೆ, ಏಪ್ರಿಲ್ ಒಳಗೆ ಕಟ್ಟಿದ್ರೆ ಸಿಗೋ ಶೇ 5 ರಿಯಾಯಿತಿನೂ ಸಿಕ್ತು. ಜೂನ್ ದಾಟಿದ್ರೆ ತಿಂಗಳಿಗೆ ಶೇ 2 ದಂಡ, ತಡ ಮಾಡ್ಬೇಡಿ.

ಈ 4,020 ಕಟ್ಟೋಕೆ ನಂಗೆ ಬೇಜಾರಿಲ್ಲ. ಸರ್ಕಾರದ ಅನುದಾನ ಬಿಟ್ರೆ ನಗರಸಭೆಯ ಸ್ವಂತ ದುಡ್ಡು ಅಂದ್ರೆ ಮುಖ್ಯವಾಗಿ ಇದೇ, ಆಮೇಲೆ ನೀರಿನ ಬಿಲ್ಲು, ಮಳಿಗೆ ಬಾಡಿಗೆ. ಚರಂಡಿ ಹೂಳು ತೆಗೆಸಿ ಅಂತ ಕೇಳೋ ನಾವೇ ಕಟ್ದೇ ಇದ್ರೆ ಎಲ್ಲಿಂದ ತರ್ತಾರೆ? ಚಲನ್ ಕೆಳಗೆ ಸೇರೋ ಗ್ರಂಥಾಲಯ ಸೆಸ್ ಶೇ 6, ಭಿಕ್ಷುಕರ ಪುನರ್ವಸತಿಗೆ ಹೋಗೋ ಭಿಕ್ಷುಕರ ಸೆಸ್ ಶೇ 3 ನಗರಸಭೆ ಹತ್ರ ಉಳಿಯಲ್ಲ, ವಸೂಲಿ ಮಾಡಿ ಆಯಾ ಕಡೆ ಕಳಿಸ್ಬೇಕು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಆಫೀಸಿನವರು ಓದಿದ್ರೆ ಒಂದೇ ಕೋರಿಕೆ: ಯಾವ ರಸ್ತೆ, ಚದರಡಿಗೆ ಎಷ್ಟು ದರ ಹಾಕಿದ್ದೀರಿ ಅನ್ನೋದನ್ನ ಚಲನ್ ಮೇಲೇ ಪ್ರಿಂಟ್ ಮಾಡಿ. ನಮ್ಮ ಕ್ರಾಸಲ್ಲಿ ಇನ್ನೂ ಆರು ಮನೆಯವರು ಮೇನ್ ರೋಡ್ ದರಾನೇ ಕಟ್ತಿದ್ದಾರೆ, ನಿನ್ನೆ ಸಂಜೆ ಇಬ್ಬರಿಗೆ ಅರ್ಜಿ ಬರ್ಕೊಟ್ಟೆ.