ಆಜಾದ್ ಮೈದಾನದ ಅಂಚಿನ ಉದ್ದ ಜಗಲಿ: ಬಾಂಬೆ ಜಿಮ್ಖಾನಾ

ಮಾಟುಂಗದಲ್ಲಿ ನಮ್ಮ ಕಟ್ಟಡದ ಹಿರಿಯರೊಬ್ಬರು ಬಾಂಬೆ ಜಿಮ್ಖಾನಾದ ಸದಸ್ಯರು. ಸದಸ್ಯರ ಜೊತೆಯಿಲ್ಲದೆ ಹೊರಗಿನವರು ಕಾಲಿಡಲಾಗದ ಆ ಕ್ಲಬ್ಬಿಗೆ ಕಳೆದ ತಿಂಗಳು ಅವರ ಅತಿಥಿಯಾಗಿ ಹೋಗಿ, ಚಹಾ ಮತ್ತು ಸ್ಯಾಂಡ್‌ವಿಚ್ಚಿನ ನೆಪದಲ್ಲಿ ಮೂರು ತಾಸು ಕುಳಿತು ಬಂದೆ. ಚಹಾ ಬಿಸಿಯಾಗಿತ್ತು, ಬಡಿಸುವವರಿಗೆ ಅವಸರವಿರಲಿಲ್ಲ. ತಿಂಡಿಯ ಬಗ್ಗೆ ಇಷ್ಟು ಸಾಕು. ನನ್ನ ಕಣ್ಣೆಲ್ಲ ಕಟ್ಟಡದ ಮೇಲೆಯೇ ಇತ್ತು.

ಸಿಎಸ್‌ಎಂಟಿ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣದಲ್ಲಿ ಇಳಿದು ನಡೆದು ಬಂದರೆ ಈ ಕಟ್ಟಡದ ಗುಣ ಚೆನ್ನಾಗಿ ತಿಳಿಯುತ್ತದೆ. ಆ ನಿಲ್ದಾಣವೂ ಅದರ ಎದುರಿನ ಮಹಾನಗರಪಾಲಿಕೆಯ ಕಚೇರಿಯೂ ಎಫ್. ಡಬ್ಲ್ಯೂ. ಸ್ಟೀವನ್ಸ್ ರೂಪಿಸಿದವು, ಎರಡೂ ಗೋಪುರ, ಗುಮ್ಮಟ, ಕೆತ್ತನೆಯ ಕಲ್ಲುಗಳಿಂದ ನೋಡುಗನನ್ನು ತಲೆಯೆತ್ತಿಸುತ್ತವೆ. ಅವುಗಳನ್ನು ದಾಟಿ ಮೈದಾನದ ದಕ್ಷಿಣ ತುದಿಗೆ ಬಂದಾಗ ಎದುರಾಗುವುದು ನೆಲಕ್ಕೆ ಒರಗಿಕೊಂಡಂತಿರುವ, ಎತ್ತರಕ್ಕಿಂತ ಉದ್ದವೇ ಹೆಚ್ಚಾದ, ಹೆಂಚಿನ ಮಾಡಿನ ಮನೆ. ಕ್ಲಬ್ ಹುಟ್ಟಿದ್ದು 1875ರಲ್ಲಿ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ. ಆದರೆ ಕಟ್ಟಡದ ಮುಖದಲ್ಲಿ ನನಗೆ ಕಂಡದ್ದು 1901ರಿಂದ 1910ರವರೆಗೆ ಆಳಿದ ಏಳನೆಯ ಎಡ್ವರ್ಡನ ಕಾಲದವರಿಗೆ ಬಹಳ ಪ್ರಿಯವಾಗಿದ್ದ ಹಳ್ಳಿಯ ಇಂಗ್ಲೆಂಡಿನ ಹಂಬಲ.

ಮುಮ್ಮಾಡಿನ ತ್ರಿಕೋನದಲ್ಲಿ ಬಿಳಿ ಗೋಡೆಯ ಮೇಲೆ ಕಪ್ಪು ಮರದ ಪಟ್ಟಿಗಳಿವೆ. ಟ್ಯೂಡರ್ ಅರಸರ ಕಾಲದ, ಅಂದರೆ ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಓಕ್ ಮರದ ಇಂಥ ಚೌಕಟ್ಟೇ ಮನೆಯ ಭಾರ ಹೊರುತ್ತಿತ್ತು. ನಡುವಿನ ಖಾಲಿ ಜಾಗವನ್ನು ಬಿದಿರು ತಟ್ಟಿಯಂಥ ಹೆಣಿಗೆಯಿಂದ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮುನ್ನೂರು ವರ್ಷಗಳ ಮೇಲೆ ಅದೇ ರೂಪ ಮರಳಿ ಬಂದಾಗ ಅದು ಬಹುಪಾಲು ಅಲಂಕಾರವಷ್ಟೇ ಆಗಿತ್ತು. ಮುಂಬಯಿಯ ಮಳೆಯಲ್ಲಿ ಅದನ್ನು ನೋಡುವಾಗ ನನಗೆ ಕೊಂಚ ವೇಷದಂತೆಯೇ ತೋರಿತು.

ಮಾಡು ಮತ್ತು ಜಗಲಿಯ ವಿಷಯದಲ್ಲಿ ಹಾಗೆನ್ನಲಾರೆ. ಇಳಿಜಾರಾದ ಮಾಡು ಮುಂದಕ್ಕೆ ಚಾಚಿ ಬಿಸಿಲನ್ನೂ ಎರಚಲನ್ನೂ ತಡೆಯುತ್ತದೆ. ಮೈದಾನದ ಗಾಳಿ ಮಾತ್ರ ನೇರವಾಗಿ ಕುರ್ಚಿಯವರೆಗೆ ಬರುತ್ತದೆ. ಮಂಗಳೂರಿನವನಾದ ನನಗೆ ಇದು ಅಜ್ಜನ ಮನೆಯ ಜಗಲಿಯ ಲೆಕ್ಕಾಚಾರವೇ. ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ತೆರೆದ ಕಾರ್ಖಾನೆಯಿಂದ ಆರಂಭವಾಗಿ ನಮ್ಮೂರಿನ ಹೆಂಚು ಹಡಗು ಹತ್ತಿ ಇದೇ ಮುಂಬಯಿಗೆ ಬರುತ್ತಿತ್ತು ಎಂದು ಹೇಳಿದಾಗ ನಮ್ಮ ಹಿರಿಯರು ನಕ್ಕು, ಇಲ್ಲಿ ಯಾವುದರಲ್ಲಾದರೂ ಒಂದು ಪಾಲು ನಿಮ್ಮೂರಿನವರದ್ದು ಇದ್ದೇ ಇರುತ್ತದಲ್ಲ ಎಂದರು.

ಆದರೆ ಜಗಲಿಯೆಂದರೆ ಕೂರುವ ಜಾಗ ಮಾತ್ರವಲ್ಲ, ಗಡಿಯೂ ಹೌದು. ಯುರೋಪಿಯನ್ನರಿಗಷ್ಟೇ ಸದಸ್ಯತ್ವವಿದ್ದ ಕಾಲದಲ್ಲಿ ಭಾರತೀಯರು ಇದರ ಮುಂದಿನ ಹುಲ್ಲಿನ ಮೇಲೆ ಆಡಬಹುದಿತ್ತು, ಮೆಟ್ಟಿಲೇರಿ ಕುರ್ಚಿಯಲ್ಲಿ ಕೂರುವಂತಿರಲಿಲ್ಲ. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ದಲಿತ ಸ್ಪಿನ್ನರ್ ಪಲ್ವಂಕರ್ ಬಾಲೂ, ಪುಣೆಯಲ್ಲಿ ಕ್ಲಬ್ಬಿನ ಮೈದಾನದ ಕೆಲಸ ಮಾಡುತ್ತ ಗೋರರಿಗೆ ನೆಟ್ಸ್‌ನಲ್ಲಿ ಬೌಲ್ ಮಾಡಿದವರು, ಮುಂದೆ ಹಿಂದೂ ತಂಡದ ಪರವಾಗಿ ಇಲ್ಲಿ ಯುರೋಪಿಯನ್ನರ ವಿರುದ್ಧ ಆಡಿದರು. ಭಾರತದ ನೆಲದ ಮೊದಲ ಟೆಸ್ಟ್ ನಡೆದದ್ದೂ ಇಲ್ಲಿಯೇ, 1933ರ ಡಿಸೆಂಬರಿನಲ್ಲಿ. ಲಾಲಾ ಅಮರನಾಥ್ ತಮ್ಮ ಚೊಚ್ಚಲ ಪಂದ್ಯದಲ್ಲಿಯೇ 118 ರನ್ ಹೊಡೆದರು. ಈ ಕಟ್ಟಡ ಸಾವಿರಾರು ಜನರಿಗಾಗಿ ಕಟ್ಟಿದ್ದಲ್ಲ. 1937ರಲ್ಲಿ ಬ್ರೆಬೋರ್ನ್ ಕ್ರೀಡಾಂಗಣ ತೆರೆದ ಮೇಲೆ ದೊಡ್ಡ ಪಂದ್ಯಗಳು ಅಲ್ಲಿಗೆ ಹೋದವು. ಜಗಲಿ ಮತ್ತೆ ಸದಸ್ಯರ ಮಾತುಕತೆಗೆ ಉಳಿಯಿತು.

ಸದಸ್ಯರ ಪರಿಚಯವಿಲ್ಲದವರು ನಿರಾಶರಾಗಬೇಕಿಲ್ಲ. ಈ ಕಟ್ಟಡದ ನಿಜವಾದ ಮುಖವಿರುವುದು ಮೈದಾನದ ಕಡೆಗೆ. ಸಂಜೆ ನಾಲ್ಕರ ನಂತರ ಹುಲ್ಲಿನಾಚೆ ನಿಂತು ನೋಡಿದರೆ ಮಾಡಿನ ಪೂರ್ತಿ ಉದ್ದ ಒಂದೇ ನೋಟಕ್ಕೆ ಸಿಗುತ್ತದೆ.